ಮಲೆನಾಡಿನ ಊರ ರಸ್ತೆಗೆ ಯಾವುದು ಒಳ್ಳೆಯದು? ಟಾರು, ಕಾಂಕ್ರೀಟು, ಮೋರಿ, ತಡೆಗೋಡೆ ಹೋಲಿಸಿ ನೋಡೋಣ

ಸಕಲೇಶಪುರ, ಮೂಡಿಗೆರೆ ಕಡೆಯ ಯಾವ ಗ್ರಾಮಸಭೆಗೆ ಹೋದರೂ ಒಂದು ಬೇಡಿಕೆ ಇದ್ದೇ ಇರುತ್ತದೆ: ನಮ್ಮ ರಸ್ತೆಗೆ ಕಾಂಕ್ರೀಟ್ ಹಾಕಿಸಿ. ಕೇಳುವುದರಲ್ಲಿ ತಪ್ಪಿಲ್ಲ. ಹಾಕಿದ ಟಾರು ಎರಡೇ ಮಳೆಗಾಲಕ್ಕೆ ಕಿತ್ತು ಬರುವುದನ್ನು ನೋಡಿ ಜನರಿಗೆ ಸಾಕಾಗಿದೆ. ಆದರೆ ಕಾಂಕ್ರೀಟ್ ಹಾಕಿದ ಮೇಲೂ ಅದೇ ರಸ್ತೆ ಅಂಚಿನಿಂದ ಕೊರೆದು, ಅಡಿಯೆಲ್ಲ ಟೊಳ್ಳಾಗಿ, ಒಂದು ದಿನ ಲೋಡಿನ ಗಾಡಿ ಹತ್ತಿದಾಗ ಮುರಿದು ಕೂರುವುದೂ ಉಂಟು. ಆಗ ಒಡೆದ ಕಾಂಕ್ರೀಟನ್ನು ತೆಗೆಯುವುದಕ್ಕೇ ಬೇರೆ ದುಡ್ಡು ಬೇಕು.

ಪಂಚಾಯ್ತಿ ಸದಸ್ಯರಿಗೆ, ತೋಟದ ರಸ್ತೆ ಮಾಡಿಸುವವರಿಗೆ, ಊರ ಕೆಲಸದ ಬಗ್ಗೆ ಸಭೆಯಲ್ಲಿ ಎದ್ದು ನಿಂತು ಮಾತಾಡಬೇಕು ಅಂದುಕೊಂಡವರಿಗೆ ಇದನ್ನು ಬರೆಯುತ್ತಿದ್ದೇನೆ. ಯಾವ ಸಾಮಾನು ಎಲ್ಲಿ ಬಾಳುತ್ತದೆ, ಎಲ್ಲಿ ದಂಡ, ಯಾವುದು ಮಣ್ಣು ನೀರಿಗೆ ಕಡಿಮೆ ಪೆಟ್ಟು ಕೊಡುತ್ತದೆ ಅನ್ನುವುದನ್ನು ಒಂದೊಂದಾಗಿ ನೋಡೋಣ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಸಾಮಾನಿನ ಆಯ್ಕೆ ಕೊನೆಗೆ ಬರಬೇಕು. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅನ್ನುವುದು ಮೊದಲು. ಇಳಿಜಾರು ಎಷ್ಟು ಅನ್ನುವುದು ಎರಡನೆಯದು. ಕೆಟ್ಟರೆ ಊರಿನವರೇ ರಿಪೇರಿ ಮಾಡಬಹುದಾ ಅನ್ನುವುದು ಮೂರನೆಯದು. ಈ ಮೂರಕ್ಕೆ ಉತ್ತರ ಸಿಕ್ಕರೆ ಟಾರೋ ಕಾಂಕ್ರೀಟೋ ಅನ್ನುವುದು ತಾನಾಗೇ ಬಗೆಹರಿಯುತ್ತದೆ.

ಒಂದೇ ಜಿಲ್ಲೆ, ಎರಡು ಮಳೆ

ಹಾಸನವಾಗಲಿ ಚಿಕ್ಕಮಗಳೂರಾಗಲಿ, ಪೂರ್ವಕ್ಕೊಂದು ಲೆಕ್ಕ, ಪಶ್ಚಿಮಕ್ಕೊಂದು ಲೆಕ್ಕ. ಅರಸೀಕೆರೆ, ಕಡೂರಿನಲ್ಲಿ ವರ್ಷಕ್ಕೆ ಆರೇಳು ನೂರು ಮಿಲಿಮೀಟರ್ ಮಳೆ ಬಂದರೆ ಅದೇ ಒಳ್ಳೆ ವರ್ಷ. ಸಕಲೇಶಪುರ, ಮೂಡಿಗೆರೆಯ ಘಟ್ಟದಂಚಿಗೆ ಬಂದರೆ ಎರಡು ಸಾವಿರ ದಾಟುತ್ತದೆ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒಂದು ಕಡೆ ನೀರನ್ನು ನಿಲ್ಲಿಸಬೇಕು, ಇನ್ನೊಂದು ಕಡೆ ನೀರಿಗೆ ದಾರಿ ಬಿಡಬೇಕು. ಎರಡಕ್ಕೂ ಒಂದೇ ನಮೂನೆಯ ಎಸ್ಟಿಮೇಟು ಹಾಕಿದರೆ ಎರಡೂ ಕಡೆ ಕೆಲಸ ಕೆಡುತ್ತದೆ. ಅದಕ್ಕೇ ಮಳೆ ಕಡೆಯದನ್ನು ಮೊದಲು ಹೇಳಿ, ಬಯಲು ಕಡೆಗೆ ಆಮೇಲೆ ಬರುತ್ತೇನೆ.

ಗಟ್ಟಿ ಸಾಮಾನು ಹಾಕಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಶಿರಾಡಿ ಘಾಟಿಯನ್ನು ನೆನಪು ಮಾಡಿಕೊಳ್ಳಬೇಕು. 2015ರಲ್ಲಿ ಒಂದು ಹಂತ, 2018ರಲ್ಲಿ ಇನ್ನೊಂದು ಹಂತ ಅಂತ ಅಲ್ಲಿ ಕಾಂಕ್ರೀಟ್ ಹಾಕಿದರು. ತಿಂಗಳುಗಟ್ಟಲೆ ರಸ್ತೆ ಮುಚ್ಚಿ ಮಾಡಿದ ಕೆಲಸ ಅದು. 2018ರ ಜುಲೈನಲ್ಲಿ ರಸ್ತೆ ಬಿಟ್ಟರು, ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮತ್ತೆ ಮುಚ್ಚಬೇಕಾಯಿತು. ಕಾಂಕ್ರೀಟ್ ಗಟ್ಟಿಯಾಗೇ ಇತ್ತು. ಕುಸಿದದ್ದು ಅದರ ಪಕ್ಕದ ಮಣ್ಣು. ಮರುವರ್ಷ ಚಾರ್ಮಾಡಿಯಲ್ಲೂ ಅದೇ ಆಯಿತು. 2024ರ ಮಳೆಗಾಲದಲ್ಲಿ ಸಕಲೇಶಪುರದ ದೋಣಿಗಲ್ ಹತ್ತಿರ ಗುಡ್ಡ ಜಾರಿದ್ದು ಎಲ್ಲರಿಗೂ ಗೊತ್ತಿರುವುದೇ. ಹೆದ್ದಾರಿಯ ಗತಿಯೇ ಹೀಗಾದರೆ ಹತ್ತು ಅಡಿಯ ಊರ ರಸ್ತೆಗೆ ಸಾಮಾನೊಂದೇ ಹೇಗೆ ಸಾಕಾಗುತ್ತದೆ?

ಟಾರೋ ಕಾಂಕ್ರೀಟೋ

ಟಾರಿನ ಶತ್ರು ನೀರು. ಜಲ್ಲಿಗೂ ಟಾರಿಗೂ ನಡುವೆ ನೀರು ಇಳಿದರೆ ಟಾರು ಕಲ್ಲನ್ನು ಬಿಟ್ಟುಬಿಡುತ್ತದೆ. ಮೇಲೆ ಗಾಡಿ ಓಡಿದಂತೆ ಜಲ್ಲಿ ಎದ್ದು ಗುಂಡಿ ಬೀಳುತ್ತದೆ. ನಮ್ಮ ಕಡೆ ರಸ್ತೆಯ ಎರಡೂ ಬದಿ ಮರ. ಮಳೆ ನಿಂತರೂ ಎಲೆಯಿಂದ ಹನಿ ಬೀಳುತ್ತಲೇ ಇರುತ್ತದೆ, ಬಿಸಿಲು ನೆಲ ಮುಟ್ಟುವುದಿಲ್ಲ, ರಸ್ತೆ ಒಣಗುವುದೇ ಇಲ್ಲ. ಬಯಲಿನಲ್ಲಿ ಎಂಟು ವರ್ಷ ಬಾಳುವ ಟಾರು ಇಲ್ಲಿ ಬೇಗ ಸೋಲುವುದಕ್ಕೆ ಇದೇ ಕಾರಣ. ಹಾಕುವ ಕಾಲವೂ ಚಿಕ್ಕದು. ಕಾಫಿ ಕುಯ್ಲಿನ ಹೊತ್ತಿಗೆ ನೆಲ ಒಣಗಬೇಕು, ಏಪ್ರಿಲ್ ಮಳೆಗೆ ಮೊದಲು ಮುಗಿಯಬೇಕು. ಮಾರ್ಚ್ ಕೊನೆಗೆ ಬಿಲ್ ಆಗಬೇಕು ಅಂತ ಒದ್ದೆ ನೆಲದ ಮೇಲೆ ಟಾರು ಸುರಿದರೆ ಅದು ನಿಲ್ಲುವುದಿಲ್ಲ.

ಆದರೆ ಟಾರಿಗೂ ಒಳ್ಳೆಯ ಗುಣ ಇದೆ. ಅಡಿಯ ಮಣ್ಣು ಸ್ವಲ್ಪ ಕುಗ್ಗಿದರೆ ಟಾರೂ ಜೊತೆಗೆ ಬಾಗುತ್ತದೆ, ಒಮ್ಮೆಗೇ ಮುರಿಯುವುದಿಲ್ಲ. ಗುಂಡಿ ಬಿದ್ದರೆ ಗುಂಡಿಯಷ್ಟನ್ನೇ ಮುಚ್ಚಬಹುದು. ಪೈಪ್ ಹಾಕಲು ಅಗೆದರೆ ಮತ್ತೆ ಮುಚ್ಚುವುದು ಸುಲಭ. ಹೊಸದಾಗಿ ಮಣ್ಣು ತುಂಬಿ ಎತ್ತರಿಸಿದ ಜಾಗದಲ್ಲಿ ಮೊದಲ ಎರಡು ಮೂರು ಮಳೆಗಾಲ ಕಾಂಕ್ರೀಟ್ ಹಾಕಲೇಬಾರದು. ಅಲ್ಲಿ ಟಾರೋ ಬರೀ ಜಲ್ಲಿಯೋ ಸಾಕು. ಮಣ್ಣು ಕೂತ ಮೇಲೆ ಬೇರೆ ಯೋಚನೆ ಮಾಡಬಹುದು.

ಟಾರೇ ಹಾಕುವುದಾದರೆ ಎರಡು ವಿಷಯ ಕೇಳಿ. ಒಂದು, ಪ್ಲಾಸ್ಟಿಕ್ ಸೇರಿಸಿದ ಟಾರು. ಮಧುರೈನ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ರಾಜಗೋಪಾಲನ್ ವಾಸುದೇವನ್ ಕಂಡುಹಿಡಿದ ವಿಧಾನ ಇದು, ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಬಿಸಿ ಜಲ್ಲಿಯ ಮೇಲೆ ಪ್ಲಾಸ್ಟಿಕ್ ಚೂರು ಹಾಕಿದರೆ ಅದು ಕರಗಿ ಕಲ್ಲಿಗೆ ತೆಳು ಪದರವಾಗಿ ಅಂಟುತ್ತದೆ. ಆಮೇಲೆ ಟಾರು ಬೆರೆಸುತ್ತಾರೆ. ಕಲ್ಲಿಗೆ ನೀರು ತಾಗುವುದು ಕಡಿಮೆಯಾಗುತ್ತದೆ, ನಮ್ಮಂಥ ಮಳೆ ಊರಿಗೆ ಬೇಕಾದದ್ದೇ ಅದು. ರಸ್ತೆ ಕೆಲಸದ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2013ರಲ್ಲೇ ಇದಕ್ಕೆ ನಿಯಮ ಬರೆದಿದೆ. ಟಾರಿನ ತೂಕದ ಶೇಕಡಾ 6ರಿಂದ 8ರಷ್ಟು ಪ್ಲಾಸ್ಟಿಕ್ ಹಾಕಬಹುದು. ಹಾಲಿನ ಕವರು, ಕ್ಯಾರಿಬ್ಯಾಗು ಆಗುತ್ತದೆ, ಪಿವಿಸಿ ಮಾತ್ರ ಸೇರಿಸಬಾರದು, ಬಿಸಿಯಾದರೆ ವಿಷದ ಹೊಗೆ ಬರುತ್ತದೆ. ಇನ್ನೊಂದು, ಬಿಸಿ ಮಾಡದೆ ಹಾಕುವ ಕೋಲ್ಡ್ ಮಿಕ್ಸ್. ನೀರಿನಲ್ಲಿ ಬೆರೆಸಿದ ಟಾರು ಇದು. ಸೌದೆ, ಡೀಸೆಲ್ ಸುಡುವುದು ಉಳಿಯುತ್ತದೆ, ಸ್ವಲ್ಪ ತೇವ ಇದ್ದರೂ ತಾಳುತ್ತದೆ. ಈಶಾನ್ಯ ರಾಜ್ಯಗಳ ಗುಡ್ಡದ ರಸ್ತೆಗಳಲ್ಲಿ ಇದನ್ನು ಬಳಸಿದ್ದಾರೆ. ಗಾಡಿ ಓಡಾಟ ಕಡಿಮೆ ಇರುವ ಒಳ ರಸ್ತೆಗೆ ಸರಿಹೊಂದುತ್ತದೆ, ಟಿಪ್ಪರ್ ಓಡುವ ರಸ್ತೆಗೆ ಬೇಡ.

ಕಾಂಕ್ರೀಟಿಗೆ ಬರೋಣ. ನೀರು ನಿಂತರೂ ಕಾಂಕ್ರೀಟು ಕರಗುವುದಿಲ್ಲ. ಕಡಿದಾದ ಏರಿನಲ್ಲಿ, ತಿರುವಿನಲ್ಲಿ, ಹಳ್ಳ ದಾಟುವ ತಗ್ಗಿನಲ್ಲಿ ಅದಕ್ಕೆ ಸಮ ಇನ್ನೊಂದಿಲ್ಲ. ಸರಿಯಾಗಿ ಹಾಕಿದರೆ ಇಪ್ಪತ್ತು ಮೂವತ್ತು ವರ್ಷ ಬಾಳುತ್ತದೆ. ಆದರೆ ಹಾಕುವುದೇ ಸರಿಯಾಗಿ ಆಗುವುದು ಅಪರೂಪ. ನೋಡಬೇಕಾದದ್ದು ಇಷ್ಟು: ಅಡಿಗೆ ಜಲ್ಲಿ ಹಾಸು ಗಟ್ಟಿಯಾಗಿ ಕೂತಿದೆಯಾ? ದಪ್ಪ ಆರು ಇಂಚಿಗೆ ಕಮ್ಮಿ ಇಲ್ಲವಾ? ಎರಡೂವರೆಯಿಂದ ನಾಲ್ಕು ಮೀಟರಿಗೊಂದು ಕಡೆ ಅಡ್ಡ ಗೀರು ಕೊಯ್ದಿದ್ದಾರಾ? ಆ ಗೀರು ಇಲ್ಲದಿದ್ದರೆ ಕಾಂಕ್ರೀಟು ತನಗೆ ಬೇಕಾದ ಕಡೆ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ನೀರು ಇಳಿದು ಅಡಿಯ ಮಣ್ಣನ್ನು ಹೊತ್ತೊಯ್ಯುತ್ತದೆ. ಎರಡು ವಾರವಾದರೂ ಒದ್ದೆ ಗೋಣಿಚೀಲ ಹೊದಿಸಿ ಕ್ಯೂರಿಂಗ್ ಮಾಡಬೇಕು. ಮೂರನೇ ದಿನಕ್ಕೆ ಜೀಪು ಹತ್ತಿಸುವವರಿಗೆ ಊರಿನವರೇ ತಡೆ ಹಾಕಬೇಕು.

ಪರಿಸರಕ್ಕೆ ಬೀಳುವ ಹೊರೆಯನ್ನೂ ಲೆಕ್ಕ ಹಾಕೋಣ. ಜಗತ್ತಿನಲ್ಲಿ ಮನುಷ್ಯರು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡಾ 7-8ರಷ್ಟು ಸಿಮೆಂಟಿನಿಂದಲೇ ಬರುತ್ತದೆ. ಸುಣ್ಣದಕಲ್ಲನ್ನು ಸುಡುವಾಗ ಕಲ್ಲಿನೊಳಗಿಂದಲೇ ಅದು ಹೊರಡುವುದರಿಂದ ಒಳ್ಳೆ ಒಲೆ ಇಟ್ಟರೂ ಪೂರ್ತಿ ತಪ್ಪುವುದಿಲ್ಲ. ಒಂದು ಮೂಟೆ ಸಿಮೆಂಟಿನ ಹಿಂದೆ ಹೆಚ್ಚುಕಡಿಮೆ 30ರಿಂದ 40 ಕೆಜಿ ಅಂದುಕೊಳ್ಳಿ. ನೂರು ಮೀಟರ್ ಉದ್ದ, ಮೂರು ಮೀಟರ್ ಅಗಲ, ಆರು ಇಂಚು ದಪ್ಪದ ರಸ್ತೆಗೆ 45 ಘನ ಮೀಟರ್ ಕಾಂಕ್ರೀಟು ಬೇಕು. ಘನ ಮೀಟರಿಗೆ ಏಳು ಮೂಟೆ ಹಿಡಿದರೂ ಮುನ್ನೂರು ಮೂಟೆ ದಾಟಿತು. ಬರೀ ನೂರು ಮೀಟರಿಗೆ ಹತ್ತು ಟನ್ನಿನ ಆಸುಪಾಸು ಇಂಗಾಲದ ಡೈಆಕ್ಸೈಡ್. ಬೇಕಾದ ಕಡೆ ಹಾಕೋಣ, ಬೇಡದ ಕಡೆ ಯಾಕೆ?

ಸಿಮೆಂಟ್ ಆರಿಸುವಾಗ ಹಾರುಬೂದಿ ಬೆರೆಸಿದ ಪಿಪಿಸಿ ಅಥವಾ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ (ಕಿಟ್ಟ) ಬೆರೆಸಿದ ಪಿಎಸ್‌ಸಿ ತೆಗೆದುಕೊಳ್ಳಿ. ಪಿಪಿಸಿಯಲ್ಲಿ ಶೇಕಡಾ 35ರವರೆಗೂ ಹಾರುಬೂದಿ ಇರಬಹುದು, ಸ್ಲ್ಯಾಗ್ ಸಿಮೆಂಟಿನಲ್ಲಿ ಬೆರಕೆ ಇನ್ನೂ ಜಾಸ್ತಿ. ಅಷ್ಟು ಸುಣ್ಣದಕಲ್ಲು ಸುಡುವುದು ಉಳಿಯಿತು. ಇವು ಗಟ್ಟಿಯಾಗುವುದು ನಿಧಾನ, ಆದರೆ ಕೊನೆಗೆ ನೀರನ್ನು ಚೆನ್ನಾಗಿ ತಡೆಯುತ್ತವೆ. ಹಾಗಾಗಿ ಕ್ಯೂರಿಂಗ್ ಇನ್ನಷ್ಟು ದಿನ ಬೇಕು. ಮರಳಿನ ವಿಷಯದಲ್ಲಿ ಎರಡು ಮಾತಿಲ್ಲ, ಕಲ್ಲು ಪುಡಿ ಮಾಡಿ ತೆಗೆದ ಎಂ-ಸ್ಯಾಂಡೇ ಸರಿ. ಹೊಳೆಯ ಮರಳು ತೆಗೆದರೆ ದಂಡೆ ಕುಸಿಯುತ್ತದೆ, ಸೇತುವೆಯ ಕಾಲು ಬಯಲಾಗುತ್ತದೆ.

ಎರಡು ಪಟ್ಟಿ ರಸ್ತೆ

ತೋಟದ ರಸ್ತೆಗೆ, ನಾಲ್ಕಾರು ಮನೆಗೆ ಹೋಗುವ ರಸ್ತೆಗೆ ನನಗೆ ಅತಿ ಇಷ್ಟವಾದದ್ದು ಇದು. ಗಾಲಿ ಓಡುವ ಜಾಗದಲ್ಲಿ ಮಾತ್ರ ಎರಡೂವರೆ ಅಡಿ ಅಗಲದ ಎರಡು ಕಾಂಕ್ರೀಟ್ ಪಟ್ಟಿ. ನಡುವೆ ಸೈಜುಗಲ್ಲು ಅಥವಾ ಜಲ್ಲಿ ತುಂಬಿ ಹುಲ್ಲು ಬೆಳೆಯಲು ಬಿಡುವುದು. ಸಿಮೆಂಟು ಅರ್ಧಕ್ಕರ್ಧ ಉಳಿಯಿತು. ನಡುವೆ ಬಿದ್ದ ನೀರು ಅಲ್ಲೇ ಇಂಗುತ್ತದೆ, ರಸ್ತೆಯೇ ಹಳ್ಳವಾಗಿ ಹರಿಯುವುದು ತಪ್ಪುತ್ತದೆ. ಪೈಪು, ವೈರು ಎಳೆಯುವುದಿದ್ದರೆ ನಡುವಿನಲ್ಲಿ ಅಗೆದು ಮುಚ್ಚಬಹುದು.

ಕಡಿದಾದ ಇಳಿಜಾರಿನಲ್ಲಿ ಮಾತ್ರ ನಡುವಿನ ಮಣ್ಣು ಕೊಚ್ಚಿಹೋಗುತ್ತದೆ. ಅಲ್ಲಿ ಹತ್ತು ಹದಿನೈದು ಅಡಿಗೊಂದು ಕಡೆ ಅಡ್ಡ ಕಲ್ಲು ಕೂರಿಸಿ, ನೀರನ್ನು ಓರೆಯಾಗಿ ಬದಿಗೆ ತಿರುಗಿಸಬೇಕು. ದಿನಾ ಬಸ್ಸು ಓಡುವ ರಸ್ತೆಗೆ ಇದು ಆಗುವುದಿಲ್ಲ. ಎದುರಿನ ಗಾಡಿಗೆ ದಾರಿ ಬಿಡಲು ಅಲ್ಲಲ್ಲಿ ಅಗಲದ ಜಾಗವನ್ನೂ ಬಿಡಬೇಕು.

ಇಂಟರ್‌ಲಾಕ್ ಮತ್ತು ಕಲ್ಲುಹಾಸು

ಇಂಟರ್‌ಲಾಕ್ ಕಲ್ಲು ಸಮತಟ್ಟು ಜಾಗಕ್ಕೆ ಒಳ್ಳೆಯದು. ಬಸ್ ನಿಲ್ದಾಣದ ಅಂಗಳ, ಸಂತೆ ಮೈದಾನ, ಪೇಟೆಯ ಗಲ್ಲಿ. ಕಿತ್ತು ಮತ್ತೆ ಜೋಡಿಸಬಹುದು. ಏರುರಸ್ತೆಗೆ ಹಾಕಬೇಡಿ. ಅಡಿಯ ಮರಳನ್ನು ಮಳೆನೀರು ಎಳೆದುಕೊಂಡು ಹೋಗುತ್ತದೆ, ನೆರಳಿನಲ್ಲಿ ಪಾಚಿ ಕಟ್ಟಿ ನಡೆಯುವವರೂ ಬೈಕಿನವರೂ ಜಾರಿ ಬೀಳುತ್ತಾರೆ. ಒರಟು ಸೈಜುಗಲ್ಲಿನ ಹಾಸು ಏರಿಗೆ ಇದಕ್ಕಿಂತ ಮೇಲು. ಗಾಡಿ ಕುಲುಕುತ್ತದೆ ನಿಜ, ಹಿಡಿತ ಮಾತ್ರ ಬಿಗಿ. ಕಲ್ಲು ಕೂರಿಸುವ ಕೈ ಊರಿನಲ್ಲಿ ಇನ್ನೂ ಇದ್ದರೆ ಚಿಕ್ಕ ತುಂಡು ರಸ್ತೆಗೆ ಖಂಡಿತ ಯೋಚಿಸಿ.

ಮೋರಿ: ದುಡ್ಡು ಉಳಿಸಬಾರದ ಜಾಗ

ರಸ್ತೆಯ ಮೇಲ್ಮೈಗೆ ಲಕ್ಷಗಟ್ಟಲೆ ಇಟ್ಟು, ರಸ್ತೆಯಡಿ ನೀರು ದಾಟಿಸುವ ಮೋರಿಗೆ ಎರಡಡಿ ಪೈಪು ಹಾಕಿಸುವುದು ನಮ್ಮ ಕಡೆಯ ದೊಡ್ಡ ನಷ್ಟ. ಎರಡಡಿ ಪೈಪಿನ ಬಾಯಿ ಸುಮಾರು ಮೂರು ಚದರ ಅಡಿ. ಮೂರಡಿ ಪೈಪಿನದು ಏಳು ಚದರ ಅಡಿ. ಒಂದಡಿ ದೊಡ್ಡದು ಮಾಡಿದರೆ ಎರಡರಷ್ಟಕ್ಕಿಂತ ಜಾಸ್ತಿ ನೀರು ಹೋಗುತ್ತದೆ. ಅದಕ್ಕಿಂತ ಮುಖ್ಯ ಅಂದರೆ ಅದರೊಳಗೆ ಮನುಷ್ಯ ತೂರಿ ಕಸ ತೆಗೆಯಬಹುದು. ಮೊದಲ ದೊಡ್ಡ ಮಳೆಗೆ ಹಳ್ಳದಲ್ಲಿ ಬರುವುದು ಬರೀ ನೀರಲ್ಲ. ಸಿಲ್ವರ್ ಓಕಿನ ಎಲೆ, ಕಾಫಿ ಗಿಡದಿಂದ ಸವರಿ ಹಾಕಿದ ರೆಂಬೆ, ಕಲ್ಲು, ಕೆಲವೊಮ್ಮೆ ಇಡೀ ಮರ. ಚಿಕ್ಕ ಪೈಪಿನ ಬಾಯಿ ಕಟ್ಟಿಕೊಂಡರೆ ನೀರು ರಸ್ತೆ ಹತ್ತುತ್ತದೆ, ಆಚೆಬದಿಯ ಮಣ್ಣು ಕೊರೆಯುತ್ತದೆ, ರಾತ್ರಿ ಬೆಳಗಾಗುವುದರೊಳಗೆ ರಸ್ತೆ ಹೋಗುತ್ತದೆ.

ಚಿಕ್ಕ ಬಸಿನೀರಿಗೆ, ಚರಂಡಿ ದಾಟಿಸಲಿಕ್ಕೆ ಪೈಪ್ ಮೋರಿ ಸಾಕು. ಅದೂ ಮೂರಡಿಗೆ ಕಮ್ಮಿ ಬೇಡ. ವರ್ಷವಿಡೀ ಹರಿಯುವ ಹಳ್ಳಕ್ಕೆ ಸ್ಲ್ಯಾಬ್ ಮೋರಿಯೇ ಸರಿ. ಎರಡು ಬದಿ ಸೈಜುಗಲ್ಲಿನ ಗೋಡೆ, ಮೇಲೊಂದು ಕಾಂಕ್ರೀಟ್ ಚಪ್ಪಡಿ. ಹಳ್ಳದ ತಳ ಹಾಗೇ ಉಳಿಯುವುದರಿಂದ ಮೀನು, ಏಡಿ ಹತ್ತಿ ಇಳಿಯಲು ಅಡ್ಡಿ ಇಲ್ಲ, ಊರಿನ ಮೇಸ್ತ್ರಿಯೇ ಕಟ್ಟಬಲ್ಲ. ಮಣ್ಣು ಮೆದು ಇರುವ ಕಡೆ, ಗದ್ದೆ ಬಯಲಿನಲ್ಲಿ, ಬಾಕ್ಸ್ ಮೋರಿ ಒಳ್ಳೆಯದು. ಭಾರವನ್ನು ಅಗಲಕ್ಕೆ ಹಂಚುತ್ತದೆ. ಕಬ್ಬಿಣ, ಸಿಮೆಂಟು ಜಾಸ್ತಿ ಬೇಕು, ಆದರೂ ಅಂಥ ಜಾಗದಲ್ಲಿ ಅದು ದಂಡವಲ್ಲ.

ಯಾವ ಮೋರಿಯಾದರೂ ನೀರು ಹೊರಬೀಳುವ ಕಡೆ ದಪ್ಪ ಕಲ್ಲು ಹಾಸಿರಬೇಕು. ಇದನ್ನು ಬಿಡುವುದೇ ಜಾಸ್ತಿ. ನೀರು ಧುಮುಕುವ ಜಾಗ ಬರಿ ಮಣ್ಣಾದರೆ ಗುಂಡಿ ಬೀಳುತ್ತಾ ಹಿಂದಕ್ಕೆ ಸರಿದು ಮೋರಿಯ ಬುಡಕ್ಕೇ ಬರುತ್ತದೆ. ಕೆಳಗಿನ ತೋಟದವರ ಜೊತೆ ಮೊದಲೇ ಮಾತಾಡಿ ನೀರಿನ ದಾರಿ ಗೊತ್ತುಮಾಡಿಕೊಳ್ಳಿ. ಮೋರಿ ಕಟ್ಟಿದ ಮೇಲೆ ನಡೆಯುವ ಜಗಳದಿಂದ ಎಷ್ಟೋ ಮೋರಿಗಳಿಗೆ ಕಲ್ಲು ತುಂಬಿಬಿಟ್ಟಿದ್ದಾರೆ.

ಮಕ್ಕಳು ಶಾಲೆಗೆ ಹೋಗಲು ಹಳ್ಳ ದಾಟಬೇಕಾದ ಊರುಗಳು ಇನ್ನೂ ಇವೆ. ಅಡಿಕೆ ಮರದ ಕಾಲುಸಂಕದ ಮೇಲೆ ಮಳೆಗಾಲದಲ್ಲಿ ಅವರನ್ನು ಕಳಿಸುವ ತಾಯಂದಿರ ಸಂಕಟ ದೊಡ್ಡದು. ಅಂಥ ಕಡೆ ಗಾಡಿ ಸೇತುವೆ ಬರಲಿ ಅಂತ ವರ್ಷಗಟ್ಟಲೆ ಕಾಯುವುದಕ್ಕಿಂತ ತೂಗುಸೇತುವೆ ಕೇಳಿ ಅಂತ ನಾನು ಹೇಳುತ್ತೇನೆ. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ಒಂದು ತೂಗುಸೇತುವೆ ಕಟ್ಟಿದರು. ಆಮೇಲೆ ಬೇರೆ ಬೇರೆ ರಾಜ್ಯಗಳಲ್ಲಿ ನೂರಕ್ಕೂ ಹೆಚ್ಚು ಕಟ್ಟಿದರು, 2017ರಲ್ಲಿ ಪದ್ಮಶ್ರೀ ಪಡೆದರು. ಹೊಳೆಯ ನಡುವೆ ಕಂಬ ಇಲ್ಲದ್ದರಿಂದ ನೆರೆ ಬಂದರೆ ಮರದ ದಿಮ್ಮಿ ಸಿಕ್ಕಿಕೊಳ್ಳುವ ಭಯ ಕಡಿಮೆ. ಸಾಮಾನೂ ಕಡಿಮೆ, ಕೆಲಸವೂ ಬೇಗ. ಆದರೆ ತಂತಿ, ಬೋಲ್ಟು, ಹಲಗೆಯನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಲೇಬೇಕು. ಆ ಜವಾಬ್ದಾರಿ ಯಾರದ್ದು ಅಂತ ಕಟ್ಟುವ ಮೊದಲೇ ಬರೆದಿಡಿ.

ಧರೆ ಮತ್ತು ತಡೆಗೋಡೆ

ಇಲ್ಲಿ ಮೊದಲ ಆಯ್ಕೆ ಯಾವ ಗೋಡೆ ಅನ್ನುವುದಲ್ಲ. ಧರೆ, ಅಂದರೆ ರಸ್ತೆ ಪಕ್ಕದ ಗುಡ್ಡದ ಮಣ್ಣಿನ ಗೋಡೆ, ಕಡಿಯಬೇಕಾ ಅನ್ನುವುದು. ರಸ್ತೆ ಅಗಲ ಮಾಡೋಣ ಅಂತ ಹಿಟಾಚಿ ತಂದು ಒಂದೇ ದಿನದಲ್ಲಿ ಗುಡ್ಡವನ್ನು ನೆಟ್ಟಗೆ ಕತ್ತರಿಸುತ್ತಾರೆ. ನೋಡಲು ಅಚ್ಚುಕಟ್ಟು. ಮೂರನೇ ಮಳೆಗಾಲದ ಹೊತ್ತಿಗೆ ಮೇಲಿನ ತೋಟವೇ ರಸ್ತೆಗೆ ಇಳಿದಿರುತ್ತದೆ. ಇದ್ದಷ್ಟೇ ಅಗಲ ಉಳಿಸಿಕೊಂಡು, ಇನ್ನೂರು ಮೀಟರಿಗೊಂದು ಸೈಡ್ ಕೊಡುವ ಜಾಗ ಮಾಡಿಕೊಂಡರೆ ಎಷ್ಟೋ ಕಡೆ ಗೋಡೆಯೇ ಬೇಕಾಗುವುದಿಲ್ಲ. ಕಡಿಯಲೇಬೇಕಾದರೆ ಓರೆಯಾಗಿ, ಎತ್ತರ ಇದ್ದರೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯಿರಿ. ಧರೆಯ ನೆತ್ತಿಯಲ್ಲಿ ನೀರು ಅಡ್ಡಹಾಯಿಸುವ ಕಾಲುವೆ ಇರಲಿ. ಕಾಫಿ ಸಾಲಿನಲ್ಲಿ ತೋಡುವ ತೊಟ್ಟಿಲು ಗುಂಡಿ ತೋಟಕ್ಕೆ ಒಳ್ಳೆಯದೇ, ಆದರೆ ಕಡಿದ ಧರೆಯ ನೆತ್ತಿಗೆ ಹತ್ತಿರ ಬೇಡ. ಅಲ್ಲಿ ಇಂಗಿದ ನೀರು ಧರೆಯನ್ನೇ ಒಳಗಿಂದ ತಳ್ಳುತ್ತದೆ.

ಗೋಡೆ ಬೀಳುವುದು ಬಹುಪಾಲು ಮಣ್ಣಿನ ಭಾರಕ್ಕಲ್ಲ, ಹಿಂದೆ ನಿಂತ ನೀರಿಗೆ. ಮೂರು ಮೀಟರ್ ಎತ್ತರದ ಗೋಡೆಯ ಹಿಂದೆ ನೀರು ತುಂಬಿ ನಿಂತರೆ ಪ್ರತಿ ಮೀಟರ್ ಉದ್ದಕ್ಕೂ ನಾಲ್ಕೂವರೆ ಟನ್ ಒತ್ತಡ ಬೀಳುತ್ತದೆ. ಮಣ್ಣಿನದು ಅದರ ಮೇಲೆ ಬೇರೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಗೋಡೆಗಳನ್ನು ಹೋಲಿಸಿ.

ಕಾಂಕ್ರೀಟ್ ಗೋಡೆಗೆ ಜಾಗ ಕಡಿಮೆ ಸಾಕು. ಮನೆಯ ಪಕ್ಕ, ಪೇಟೆಯೊಳಗೆ ಬೇರೆ ದಾರಿ ಇಲ್ಲದಾಗ ಅದೇ ಗತಿ. ಆದರೆ ಅದು ನೀರನ್ನು ತಾನಾಗಿ ಬಿಡುವುದಿಲ್ಲ. ಒಂದೂವರೆ ಮೀಟರಿಗೊಂದರಂತೆ ತೂತು ಇರಬೇಕು, ಹಿಂದೆ ಒಂದಡಿ ದಪ್ಪ ಜಲ್ಲಿ ತುಂಬಿರಬೇಕು. ತೂತಿಗೆ ಪೈಪಿನ ತುಂಡು ಇಟ್ಟು, ಹಿಂದೆ ಜೇಡಿಮಣ್ಣು ತುಂಬಿಸಿದ ಗೋಡೆಗಳನ್ನು ಬೇಕಾದಷ್ಟು ಕಂಡಿದ್ದೇನೆ. ಅಂಥ ತೂತಿನಿಂದ ಆಷಾಢದಲ್ಲೂ ಒಂದು ಹನಿ ಬರುವುದಿಲ್ಲ. ಗೋಡೆ ಕಟ್ಟುವಾಗ ಹಿಂದಗಡೆಗೆ ಏನು ತುಂಬುತ್ತಿದ್ದಾರೆ ಅಂತ ಹೋಗಿ ನೋಡಿ. ಮುಗಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಗೇಬಿಯನ್ ಅಂದರೆ ತಂತಿಬಲೆಯ ಪೆಟ್ಟಿಗೆಯಲ್ಲಿ ಕಲ್ಲು ತುಂಬಿ ಒಂದರ ಮೇಲೊಂದು ಜೋಡಿಸುವುದು. ಊರ ರಸ್ತೆಗೆ ನನ್ನ ಮೊದಲ ಓಟು ಇದಕ್ಕೆ. ಕಲ್ಲಿನ ಸಂದಿಯಿಂದ ನೀರು ಸಲೀಸಾಗಿ ಬರುತ್ತದೆ. ಅಡಿಯ ನೆಲ ಸ್ವಲ್ಪ ಕುಗ್ಗಿದರೆ ಗೋಡೆಯೂ ಬಾಗಿ ಕೂರುತ್ತದೆ, ಒಡೆಯುವುದಿಲ್ಲ. ಸಿಮೆಂಟೇ ಬೇಡ. ಹತ್ತಿರದ ಕಲ್ಲು, ಊರಿನವರ ಕೂಲಿ. ಬುಡಕ್ಕೆ ಅಗಲ ಜಾಗ ಬೇಕು, ಎತ್ತರದ ಅರ್ಧಕ್ಕಿಂತ ಜಾಸ್ತಿ. ತಂತಿಗೆ ಸತುವಿನ ಲೇಪ ಚೆನ್ನಾಗಿರಬೇಕು, ನಮ್ಮ ಮಳೆಗೆ ಕಳಪೆ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಕಲ್ಲು ಬಲೆಯ ಕಣ್ಣಿಗಿಂತ ದೊಡ್ಡದಿರಬೇಕು, ಕೈಯಲ್ಲಿ ಜೋಡಿಸಬೇಕು, ಜೆಸಿಬಿಯಲ್ಲಿ ಸುರಿಯಬಾರದು.

ಐದಾರು ಅಡಿಯೊಳಗಿನ ಧರೆಗೆ ಗಾರೆ ಇಲ್ಲದ ಕಲ್ಲುಗೋಡೆ ಸಾಕು, ಸ್ವಲ್ಪ ಹಿಂದಕ್ಕೆ ವಾಲಿಸಿ ಕಟ್ಟಿದರೆ. ಹಳೇ ತೋಟಗಳಲ್ಲಿ ಇಂಥವು ಈಗಲೂ ನಿಂತಿವೆ.

ಇನ್ನು ಲಾವಂಚ. ಇದರ ಬೇರು ನೆಟ್ಟಗೆ ಕೆಳಗೆ ಎರಡು ಮೂರು ಮೀಟರ್ ಇಳಿಯುತ್ತದೆ, ಪಕ್ಕಕ್ಕೆ ಹರಡಿ ಬೆಳೆಗೆ ತೊಂದರೆ ಮಾಡುವುದಿಲ್ಲ. ಗುಂಡ್ಲುಪೇಟೆ ಕಡೆಯ ರೈತರು ಹೊಲದ ಬದುವಿಗೆ ಹಿಂದಿನಿಂದಲೂ ಹಾಕುತ್ತಾ ಬಂದಿದ್ದಾರೆ. ಇಳಿಜಾರಿಗೆ ಅಡ್ಡವಾಗಿ ಸಾಲು ಮಾಡಿ, ಗೇಣಿಗಿಂತ ಹತ್ತಿರ ಹತ್ತಿರ ನೆಟ್ಟರೆ ಮೇಲ್ಮಣ್ಣನ್ನು ಚೆನ್ನಾಗಿ ಹಿಡಿಯುತ್ತದೆ. ಎರಡು ಮಾತು ನೆನಪಿರಲಿ. ಇದಕ್ಕೆ ಬಿಸಿಲು ಬೇಕು, ಕಾಫಿ ತೋಟದ ದಟ್ಟ ನೆರಳಿನಲ್ಲಿ ಸೊರಗುತ್ತದೆ. ಇಡೀ ಗುಡ್ಡವೇ ಆಳದಿಂದ ಜಾರುವುದನ್ನು ಇದು ತಡೆಯುವುದಿಲ್ಲ. ನೆರಳಿನ ಧರೆಯಲ್ಲಿ ಇರುವ ಜರಿಗಿಡ, ಕುರುಚಲನ್ನು ಕೆತ್ತದೆ ಬಿಟ್ಟರೆ ಅದೇ ದೊಡ್ಡ ಉಪಕಾರ. ಹಳ್ಳದ ದಂಡೆಗೆ ವಾಟೆ, ಬಿದಿರು.

ಗಿಡ ಬೇರು ಬಿಡುವವರೆಗೆ ಮಣ್ಣನ್ನು ಹಿಡಿಯಲು ತೆಂಗಿನ ನಾರಿನ ಬಲೆ ಹೊದಿಸಬಹುದು. ಪ್ಲಾಸ್ಟಿಕ್ ಹಾಳೆ ಹೊದಿಸುವುದಕ್ಕಿಂತ ಎಷ್ಟೋ ಮೇಲು. ಎರಡು ಮೂರು ವರ್ಷದಲ್ಲಿ ಕೊಳೆತು ಗೊಬ್ಬರವಾಗುತ್ತದೆ, ಅಷ್ಟರಲ್ಲಿ ಹುಲ್ಲು ಹಿಡಿದಿರುತ್ತದೆ. ಅರಸೀಕೆರೆ, ಚನ್ನರಾಯಪಟ್ಟಣದ ತೆಂಗು ನಮ್ಮ ಜಿಲ್ಲೆಯದೇ ಅಲ್ವಾ? ಅಲ್ಲಿನ ನಾರು ಇಲ್ಲಿನ ಧರೆಗೆ ಬಂದರೆ ಎರಡೂ ಕಡೆಯವರಿಗೆ ಲಾಭ.

ಧರೆಯ ಮಣ್ಣು ಕೊಚ್ಚಿಹೋದರೆ ನಷ್ಟ ರಸ್ತೆಗೆ ಮಾತ್ರ ಅಲ್ಲ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನಲ್ಲಿ. ಸಕಲೇಶಪುರದ ಮೇಲೆ ಹರಿದು ಗೊರೂರಿನ ಅಣೆಕಟ್ಟಿಗೆ ಸೇರುತ್ತದೆ. ದಾರಿಯ ಒಂದೊಂದು ಹಳ್ಳ ಹೊತ್ತ ಕೆಮ್ಮಣ್ಣೂ ಕೊನೆಗೆ ಆ ಜಲಾಶಯದಲ್ಲಿ ಹೂಳಾಗಿ ಕೂರುತ್ತದೆ.

ಬಯಲು ಕಡೆ ಬೇರೆ ಲೆಕ್ಕ

ಅರಸೀಕೆರೆ, ಕಡೂರು, ಚನ್ನರಾಯಪಟ್ಟಣದಲ್ಲಿ ಟಾರು ಚೆನ್ನಾಗಿ ಬಾಳುತ್ತದೆ. ಬಿಸಿಲಿದೆ, ಇಳಿಜಾರಿಲ್ಲ. ಅಲ್ಲಿ ಊರೊಳಗಿನ ಗಲ್ಲಿ ಬಿಟ್ಟು ಬೇರೆ ಕಡೆ ಕಾಂಕ್ರೀಟಿಗೆ ದುಡ್ಡು ಸುರಿಯುವುದು ಬೇಡ. ಆ ದುಡ್ಡನ್ನು ರಸ್ತೆಯ ನೀರು ಹಿಡಿಯಲು ಬಳಸಿ. ಒಂದು ಕಿಲೋಮೀಟರ್ ಉದ್ದ, ಐದು ಮೀಟರ್ ಅಗಲದ ರಸ್ತೆಯ ಮೇಲೆ 650 ಮಿಲಿಮೀಟರ್ ಮಳೆ ಬಿದ್ದರೆ 32 ಲಕ್ಷ ಲೀಟರ್ ದಾಟುತ್ತದೆ. ಅರ್ಧ ಹಿಡಿದರೂ ಹದಿನಾರು ಲಕ್ಷ ಲೀಟರ್. ಬದಿಯ ಚರಂಡಿಯನ್ನು ಕೆರೆಗೋ ಕಟ್ಟೆಗೋ ಸೇರಿಸಿ, ನಡುವೆ ಹೂಳು ಕೂರುವ ಗುಂಡಿ ಮಾಡಿದರೆ ಸಾಕು. ರಸ್ತೆಯ ನೀರನ್ನು ನೇರವಾಗಿ ಕೊಳವೆಬಾವಿಗೆ ಮಾತ್ರ ಬಿಡಬೇಡಿ. ಎಣ್ಣೆ, ಟೈರಿನ ಪುಡಿ ಎಲ್ಲ ಅಂತರ್ಜಲಕ್ಕೆ ಹೋಗುತ್ತದೆ.

ಹೊಸ ಕಟ್ಟೆಯೋ ಹಳೇ ಕೆರೆಯ ಹೂಳು ತೆಗೆಯುವುದೋ ಅಂತ ಕೇಳಿದರೆ ನಾನು ಹಳೇ ಕೆರೆಯ ಕಡೆ. ಸಖರಾಯಪಟ್ಟಣದ ಅಯ್ಯನಕೆರೆ ಹೊಯ್ಸಳರ ಕಾಲದಲ್ಲೇ ದುರಸ್ತಿ ಕಂಡ ಕೆರೆ, ಇವತ್ತಿಗೂ ಗದ್ದೆಗೆ ನೀರು ಕೊಡುತ್ತಿದೆ. ಜಾಗ ಆರಿಸಿದವರು ನೀರಿನ ದಾರಿ ನೋಡಿಯೇ ಆರಿಸಿದ್ದರು. ರಸ್ತೆ ಎತ್ತರಿಸಲು ಮಣ್ಣು ಬೇಕಾದಾಗ ಗುಡ್ಡ ಅಗೆಯುವ ಬದಲು ಹತ್ತಿರದ ಕೆರೆಯಿಂದ ತೆಗೆದರೆ ಎರಡು ಕೆಲಸ ಒಂದೇ ಖರ್ಚಿನಲ್ಲಿ ಆಗುತ್ತದೆ. ಮಹಾರಾಷ್ಟ್ರದ ಬುಲ್ಢಾಣಾದಲ್ಲಿ ಹೆದ್ದಾರಿ ಕೆಲಸಕ್ಕೆ ಹೀಗೇ ಮಾಡಿದ್ದಾರೆ. ಆದರೆ ಮಣ್ಣಿನ ಪರೀಕ್ಷೆ ಮಾಡಿಸಲೇಬೇಕು. ಜೇಡಿ ಹೂಳು ಹೊಲಕ್ಕೆ ಚಿನ್ನ, ರಸ್ತೆಯ ಅಡಿಗೆ ಆಗುವುದಿಲ್ಲ. ಮರಳು ಮಿಶ್ರಿತ ಗಟ್ಟಿ ಮಣ್ಣು ಸಿಕ್ಕರೆ ಮಾತ್ರ ರಸ್ತೆಗೆ. ಏರಿಯ ಬುಡದಲ್ಲಿ, ತೂಬಿನ ಹತ್ತಿರ ಯಂತ್ರ ಇಳಿಸಬೇಡಿ.

ಬೀದಿದೀಪ

ಬಯಲಿನಲ್ಲಿ ಸೋಲಾರ್ ದೀಪ ಹಾಕಿ. ಮಲೆನಾಡಿನಲ್ಲಿ ಮರದ ಕೆಳಗೆ ಹಾಕಬೇಡಿ, ಜುಲೈ ತಿಂಗಳಿಡೀ ಮೋಡ ಇದ್ದಾಗ ಬ್ಯಾಟರಿ ತುಂಬುವುದಿಲ್ಲ. ಅಲ್ಲಿ ಕರೆಂಟಿನ ಎಲ್‌ಇಡಿ, ಹೊತ್ತಿಗೆ ಸರಿಯಾಗಿ ಆರುವ ಟೈಮರ್ ಇದ್ದರೆ ಸಾಕು.

ಎಸ್ಟಿಮೇಟಿಗೆ ಮೊದಲು

ಜುಲೈನ ಜೋರು ಮಳೆಯಲ್ಲಿ ಕೊಡೆ ಹಿಡಿದು ರಸ್ತೆಯುದ್ದಕ್ಕೂ ನಡೆಯಿರಿ. ನೀರು ಎಲ್ಲಿ ರಸ್ತೆ ಹತ್ತುತ್ತದೆ, ಎಲ್ಲಿ ದಾಟುತ್ತದೆ, ಎಲ್ಲಿ ಧರೆಯಿಂದ ಒರತೆ ಬರುತ್ತದೆ ಅಂತ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಜನವರಿಯಲ್ಲಿ ಎಂಜಿನಿಯರ್ ಬಂದಾಗ ನೆಲ ಒಣಗಿರುತ್ತದೆ, ಅವರಿಗೆ ಏನೂ ಕಾಣುವುದಿಲ್ಲ. ಆ ಫೋಟೊ ತೋರಿಸಿ. ಊರಿನ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ, ದೊಡ್ಡ ಮಳೆಯಲ್ಲಿ ನೀರು ಎಲ್ಲಿವರೆಗೆ ಏರಿತ್ತು ಅಂತ ಅವರಿಗೆ ನೆನಪಿರುತ್ತದೆ.

ಒಂದು ರಸ್ತೆಗೆ ಒಂದೇ ಸಾಮಾನು ಅಂತ ಹಟ ಬೇಡ. ಎರಡು ಕಿಲೋಮೀಟರಿನ ರಸ್ತೆಯಲ್ಲಿ ಏರು ತಿರುವುಗಳಿಗೆ ಕಾಂಕ್ರೀಟು, ಸಮತಟ್ಟಿಗೆ ಟಾರು, ಕೊನೆಯ ನಾಲ್ಕು ಮನೆಗೆ ಎರಡು ಪಟ್ಟಿ ಅಂತ ಹಂಚಿದರೆ ಉಳಿದ ದುಡ್ಡಿನಲ್ಲಿ ಮೋರಿ, ಚರಂಡಿ ಸರಿಯಾಗಿ ಆಗುತ್ತದೆ. ನಲ್ಲಿ ಪೈಪು ಹಾಕುವುದು ಬಾಕಿ ಇದ್ದರೆ ಅದು ಮುಗಿಯುವವರೆಗೆ ಕಾಂಕ್ರೀಟ್ ಮುಟ್ಟಬೇಡಿ. ಇಲ್ಲದಿದ್ದರೆ ಮುಂದೆ ಬೇಕಾಗಬಹುದಾದ ಕಡೆಯೆಲ್ಲ ಅಡ್ಡಕ್ಕೆ ಒಂದೊಂದು ಖಾಲಿ ಪೈಪು ಹೂತಿಡಿ.

ಕಾಂಕ್ರೀಟು, ಗೋಡೆ ಮಾರ್ಚ್ ಒಳಗೆ ಮುಗಿಯಲಿ. ನಾರಿನ ಬಲೆ ಮೇ ಕೊನೆಗೆ, ಲಾವಂಚ ಮೊದಲ ಮಳೆ ಬಿದ್ದ ವಾರ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಮುಗಿದ ಮೇಲೆ ಐದು ವರ್ಷ ಗುತ್ತಿಗೆದಾರರೇ ನಿರ್ವಹಣೆ ಮಾಡಬೇಕು ಅಂತ ನಿಯಮ ಇದೆ, ಬೋರ್ಡಿನಲ್ಲಿ ತಾರೀಖು ನೋಡಿ ಕೇಳಿ. ಪಂಚಾಯ್ತಿ ರಸ್ತೆಯಾದರೆ ಅಂಥ ಕಟ್ಟು ಇರುತ್ತದೆ ಅಂತ ನಂಬಿ ಕೂರಬೇಡಿ. ಅದಕ್ಕೇ ಕೆಲಸ ಮಂಜೂರಾಗುವ ಅದೇ ಸಭೆಯಲ್ಲಿ ವರ್ಷಕ್ಕೆ ಎರಡು ಸಲ, ಮೇ ತಿಂಗಳಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ, ಮೋರಿ ಚರಂಡಿ ಬಿಡಿಸುವ ಕೂಲಿಗೆ ದುಡ್ಡು ತೆಗೆದಿಡಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ.